ನೆಲಮಾಳಿಗೆಯ ಕೆಂಪು ಚುಕ್ಕೆಗಳು

ಟಣ್ಣಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಸಂಬಳದ ಚೀಟಿಯ ಮೇಲೆ ಮಾತ್ರ ಉಸಿರಾಡುತ್ತಿದೆ. ಅವನು ವಾಶ್‌ಬೇಸಿನ್ ತಯಾರಿಸುವ ಕಾರ್ಖಾನೆಯಲ್ಲಿ ಚೆಕಿಂಗ್ ವಿಭಾಗದವನು. ಭಟ್ಟಿಯಿಂದ ಬಂದ ಬೇಸಿನ್ನನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುವುದು ಅವನ ಕೆಲಸ. ಟಣ್ ಎಂದರೆ ಮಾಲು ಸರಿಯಾಗಿದೆ. ದಬ್ ಎಂದರೆ ಒಳಗೆಲ್ಲೋ ಬಿರುಕಿದೆ. ಅಂಥದ್ದಕ್ಕೆ ಒಂದು ಕೆಂಪು ಚುಕ್ಕೆಯ ಸ್ಟಿಕರ್ ಅಂಟಿಸಿ ಹಿಂದಿನ ಶೆಡ್ಡಿಗೆ ತಳ್ಳಬೇಕು. ಸರಿಯಾಗಿರುವ ಮಾಲಿಗೆ ಏನೂ ಅಂಟಿಸುವಂತಿಲ್ಲ. ಸರಿಯಾಗಿರುವುದು ಬೇಸಿನ್ನಿನ ಕರ್ತವ್ಯ ಎಂಬುದು ಕಾರ್ಖಾನೆಯ ನಿಲುವು.

ಇಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ಕಾರ್ಖಾನೆಯ ಗೇಟು ದಾಟಿದ ಮೇಲೂ ಟಣ್ಣಪ್ಪನ ಗೆಣ್ಣು ಸುಮ್ಮನಿರುತ್ತಿರಲಿಲ್ಲ. ಪಕ್ಕದ ಮನೆಯವರ ಹೊಸ ಹೆಲ್ಮೆಟ್ಟು, ಬ್ಯಾಂಕಿನ ಗಾಜಿನ ಬಾಗಿಲು, ಅತಿಥಿಗಳು ಇನ್ನೂ ಕುಡಿಯುತ್ತಿರುವ ಕಪ್ಪು, ಎಲ್ಲವನ್ನೂ ಬಡಿದು ನೋಡುತ್ತಿದ್ದ. ಒಮ್ಮೆ ಬಸ್ಸಿನಲ್ಲಿ ಮೈಮರೆತು ಕೂತಿದ್ದಾಗ ಮುಂದಿನ ಸೀಟಿನವರ ಬೋಳುತಲೆಯವರೆಗೂ ಬೆರಳು ಹೋಗಿ ಹೇಗೋ ವಾಪಸ್ಸು ಬಂದಿತ್ತಂತೆ. ಜೇಬಿನಲ್ಲಿ ಸದಾ ಸ್ಟಿಕರಿನ ಸುರುಳಿ. ಭಾವ, ಅಂದರೆ ಹೆಂಡತಿಯ ಅಣ್ಣ, ಹೊಸ ಮನೆ ಕಟ್ಟಿಸಿ ನೆಂಟರನ್ನೆಲ್ಲ ಕರೆದು ತೋರಿಸುತ್ತಿದ್ದ ದಿನ ಟಣ್ಣಪ್ಪ ಮುಂಬಾಗಿಲನ್ನು ಬಡಿದು, ತಲೆಯಾಡಿಸಿ, ಮೌನವಾಗಿ ಒಂದು ಕೆಂಪು ಚುಕ್ಕೆ ಅಂಟಿಸಿಬಿಟ್ಟ. ಅಂದಿನಿಂದ ಹೆಂಡತಿಯ ತವರಿನ ಕಡೆ ಅವನನ್ನು ಊಟಕ್ಕೆ ಕರೆಯುತ್ತಿದ್ದರೇ ಹೊರತು ಅಭಿಪ್ರಾಯ ಕೇಳುತ್ತಿರಲಿಲ್ಲ.

ಆದ್ದರಿಂದ ಭಾವನ ಮಗಳು ಫೋನು ಮಾಡಿ, "ಮಾವ, ಭಾನುವಾರ ನನ್ನ ಚಿತ್ರಗಳ ಪ್ರದರ್ಶನ ಇದೆ, ಬನ್ನಿ. ನೋಡಿ ನಿಜ ಹೇಳಿ. ನನ್ನ ಫ್ರೆಂಡ್ಸ್ ಎಲ್ಲ ಬರೀ ಸೂಪರ್ ಸೂಪರ್ ಅಂತಾರೆ, ಒಬ್ಬರೂ ನಿಜ ಹೇಳಲ್ಲ," ಅಂದಾಗ ಟಣ್ಣಪ್ಪನ ಎದೆಯುಬ್ಬಿತು. ಆ ಹುಡುಗಿ ಇದೇ ಮಾತನ್ನು ಫೋನಿನಲ್ಲಿ ನಂಬರಿದ್ದವರಿಗೆಲ್ಲ ಹೇಳಿದ್ದಳು. ಟಣ್ಣಪ್ಪ ಅದನ್ನು ನೇಮಕಾತಿ ಆದೇಶವೆಂದು ತಿಳಿದ.

"ನಿಮಗೆ ಚಿತ್ರದ ಬಗ್ಗೆ ಏನ್ರೀ ಗೊತ್ತು?" ಎಂದು ಹೆಂಡತಿ ಕೇಳಿದಳು.

"ಮಾಲು ಯಾವುದಾದ್ರೇನು? ಕಣ್ಣು, ಕಿವಿ, ಗೆಣ್ಣು ಇದ್ರೆ ಸಾಕು."

"ಅಣ್ಣ ಮಗಳ ಜೊತೆ ಪಂದ್ಯ ಕಟ್ಟಿದಾನೆ, ಗೊತ್ತು ತಾನೆ? ಬಳಗದವರಲ್ಲದ ಒಬ್ಬರಾದರೂ ಒಂದು ಚಿತ್ರ ಕೊಂಡ್ಕೊಂಡ್ರೆ ಅವಳು ಚಿತ್ರ ಬರ್ಕೊಂಡು ಇರಬಹುದು. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಬಂದು ಅಂಗಡಿ ಕೌಂಟರಿನಲ್ಲಿ ಕೂರಬೇಕು. ಹುಡುಗಿ ಬದುಕಿನ ಪ್ರಶ್ನೆ. ನೀವು ಹೋಗಿ ಏನೂ ಮಾಡಬೇಡಿ. ಸುಮ್ಮನೆ ನಿಂತು ಬನ್ನಿ."

ಭಾವನದು ಟೈಲ್ಸು ಮತ್ತು ಬೇಸಿನ್ನುಗಳ ದೊಡ್ಡ ಅಂಗಡಿ. ಆ ಕೌಂಟರಿನಲ್ಲಿ ಕೂರುವುದೆಂದರೆ ದಿನವಿಡೀ ಬಿಳಿ ಬಣ್ಣದ ನಾನಾ ವಿಧಗಳನ್ನು ಗಿರಾಕಿಗಳಿಗೆ ವಿವರಿಸುವುದು. ಆ ಹುಡುಗಿಗೆ ಬಿಳಿ ಕಂಡರೆ ಆಗುತ್ತಿರಲಿಲ್ಲ.

ಪ್ರದರ್ಶನವಿದ್ದದ್ದು ಮುಚ್ಚಿಹೋದ ಹಾಸಿಗೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಕಡಿದಾದ ಮೆಟ್ಟಿಲು, ಸೀಲಿಂಗಿನುದ್ದಕ್ಕೂ ನೀರಿನ ಪೈಪುಗಳು, ನಡುವೆ ಎರಡು ದಪ್ಪ ಕಂಬ. ಒಂದು ಮೂಲೆಯಲ್ಲಿ ಡ್ರಮ್ಮು, ಸ್ಪೀಕರು, ಒಂದರ ಮೇಲೊಂದು ಬಿದ್ದ ವಯರುಗಳು. ಊರಿನ ದೊಡ್ಡ ಸಭಾಂಗಣಗಳು ಒಳಗೆ ಬಿಡದ ಚಿತ್ರಗಾರರೂ ವಾದ್ಯದವರೂ ಭಾನುವಾರ ಸಂಜೆ ಇಲ್ಲಿ ಸೇರುತ್ತಿದ್ದರು. ಜಾಗ ನೋಡಿಕೊಳ್ಳುವವನನ್ನು ಎಲ್ಲರೂ ಗಡ್ಡ ಎಂದು ಕರೆಯುತ್ತಿದ್ದರು. ಯಾಕೆಂದು ವಿವರಿಸುವ ಅಗತ್ಯವಿಲ್ಲ.

ಟಣ್ಣಪ್ಪ ಎಲ್ಲರಿಗಿಂತ ಮುಂಚೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಸ್ಟೀಲಿನ ಅಡಿಕೋಲು. ಭಾವನ ಮಗಳು ಇನ್ನೊಂದು ಸ್ಪೀಕರ್ ತರಲು ಹೋಗಿದ್ದಳು.

"ಸರ್, ಬನ್ನಿ ಬನ್ನಿ. ಯಾವ ಕಡೆಯಿಂದ?" ಎಂದ ಗಡ್ಡ.

"ಕಾರ್ಖಾನೆ ಕಡೆಯಿಂದ."

ಗಡ್ಡ ತಕ್ಷಣ ನೆಟ್ಟಗೆ ನಿಂತ. ಆ ನೆಲಮಾಳಿಗೆಗೆ ಕಾರ್ಖಾನೆಯ ಕಡೆಯಿಂದ ಬಂದವರು ಯಾರೂ ಇರಲಿಲ್ಲ. ಸದ್ದು ಜಾಸ್ತಿಯಾಯಿತೆಂದು ಬೈಯಲು ಪಕ್ಕದ ಕಟ್ಟಡದ ಕಡೆಯಿಂದ ಬಂದವರೇ ಎಲ್ಲ. "ಆರಾಮಾಗಿ ನೋಡಿ ಸರ್. ನಾನು ಡಿಸ್ಟರ್ಬ್ ಮಾಡಲ್ಲ," ಎಂದು ಕಂಬದ ಹಿಂದೆ ಸರಿದು ಅಲ್ಲಿಂದ ಇಣುಕಿ ನೋಡತೊಡಗಿದ.

ಗೋಡೆ ತುಂಬ ಚಿತ್ರಗಳು. ಎಲ್ಲವೂ ಇದೇ ನೆಲಮಾಳಿಗೆಯ ಭಾನುವಾರಗಳು: ಕಿರುಚುವ ಹಾಡುಗಾರರು, ಕುಣಿಯುವ ಮಂಡಿಗಳು, ಬೆವರಿದ ಕತ್ತುಗಳು, ಎಲ್ಲರೂ ಬಾಯಿ ಕಿಸಿದು ಏನೋ ಕೂಗುತ್ತಿರುವ ಒಂದು ದೊಡ್ಡ ಗುಂಪು. ಟಣ್ಣಪ್ಪ ಕೆಲಸ ಶುರುಮಾಡಿದ. ಟಾರ್ಚಿನ ಬೆಳಕು ಬಿಟ್ಟು ಅಂಚು ನೋಡಿದ. ಅಡಿಕೋಲು ಹಿಡಿದು ಚೌಕಟ್ಟು ಅಳೆದ. ಹಿಂದಿನಿಂದ ಬಡಿದು ಕಿವಿಗೊಟ್ಟ. ಬಟ್ಟೆಯ ಮೇಲೆ ಬರೆದ ಚಿತ್ರ ಟಣ್ ಎನ್ನುವುದು ಸಾಧ್ಯವಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಒಂದೊಂದೂ ದಬ್ ಅಂದಿತು. ಟಣ್ಣಪ್ಪ ನಿಟ್ಟುಸಿರು ಬಿಟ್ಟು, ಚಿತ್ರಕ್ಕೆ ಅಂಟು ಹತ್ತಬಾರದೆಂಬ ಸೌಜನ್ಯದಿಂದ, ಪಕ್ಕದಲ್ಲಿದ್ದ ಹೆಸರಿನ ಪಟ್ಟಿಯ ಮೇಲೆ ಕೆಂಪು ಚುಕ್ಕೆ ಅಂಟಿಸಿದ.

ಇಲ್ಲೊಂದು ವಿಷಯ ಹೇಳಲೇಬೇಕು. ಚಿತ್ರಪ್ರದರ್ಶನಗಳಲ್ಲಿ ಮಾರಾಟವಾದ ಚಿತ್ರವನ್ನು ಕೂಡಲೇ ಗೋಡೆಯಿಂದ ಇಳಿಸುವುದಿಲ್ಲ. ಅದರ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಇಡುತ್ತಾರೆ. ಇದಕ್ಕೆ ಯಜಮಾನರು ಸಿಕ್ಕಾಗಿದೆ, ಬೇರೆಯವರು ಆಸೆ ಬಿಡಿ ಎಂದರ್ಥ. ಈ ಪದ್ಧತಿ ಟಣ್ಣಪ್ಪನಿಗೆ ಗೊತ್ತಿರಲಿಲ್ಲ. ಕಾರ್ಖಾನೆಯ ಪದ್ಧತಿ ಗಡ್ಡನಿಗೆ ಗೊತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಕೇಳಿದ್ದರೆ ಆಗಿತ್ತು. ಆದರೆ ಗೊತ್ತಿಲ್ಲದ್ದನ್ನು ಕೇಳುವುದು ಇಬ್ಬರ ಘನತೆಗೂ ಕಡಿಮೆ.

ಮೊದಲ ಚುಕ್ಕೆ ಬಿದ್ದಾಗ ಗಡ್ಡ ಕಣ್ಣುಜ್ಜಿಕೊಂಡ. ಗೋಡೆಯ ಅರ್ಧಕ್ಕೆ ಬರುವಷ್ಟರಲ್ಲಿ ಕಂಬವನ್ನು ಅಪ್ಪಿಕೊಂಡಿದ್ದ. ಒಂದೇ ಒಂದು ಚಿತ್ರದ ಮುಂದೆ ಟಣ್ಣಪ್ಪ ಮುಗುಳ್ನಕ್ಕು, ಏನೂ ಅಂಟಿಸದೆ ಮುಂದೆ ಹೋದ. ಅದು ಹುಡುಗಿ ಅಪ್ಪನ ಒತ್ತಾಯಕ್ಕೆ ಬರೆದ ಟೈಲ್ಸ್ ಅಂಗಡಿಯ ಚಿತ್ರ. ಗೆರೆ ನೆಟ್ಟಗಿತ್ತು, ಬಣ್ಣ ಗೆರೆ ದಾಟಿರಲಿಲ್ಲ, ಹಲಗೆಯ ಮೇಲೆ ಬರೆದದ್ದರಿಂದ ಬಡಿದರೆ ಟಣ್ಣಿಗೆ ಹತ್ತಿರದ ಸದ್ದೂ ಬರುತ್ತಿತ್ತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ ಟಣ್ಣಪ್ಪ. ಕಂಬದ ಬಿರುಕಿಗೊಂದು ಚುಕ್ಕೆ ಅಂಟಿಸಿದ. ಅಲುಗಾಡುವ ಕುರ್ಚಿಗೊಂದು. ಡ್ರಮ್ಮಿನ ಪಕ್ಕದ ಹಿತ್ತಾಳೆ ತಟ್ಟೆಯನ್ನು ಬಡಿದು ಕೇಳಿ ಅದಕ್ಕೂ ಒಂದು.

"ಸರ್, ಸರ್, ಇದು ಮಾರೋಕಲ್ಲ!" ಎಂದು ಆಗಷ್ಟೇ ಮೆಟ್ಟಿಲಿಳಿದ ಡ್ರಮ್ಮಿನವನು ಓಡಿ ಬಂದ.

"ಖಂಡಿತ ಮಾರಬೇಡಪ್ಪ. ಮಾರಿದ್ರೆ ಪಾಪ ಹತ್ತುತ್ತೆ," ಎಂದ ಟಣ್ಣಪ್ಪ.

ಆ ಮಾತಿನ ಆಳಕ್ಕೆ ಡ್ರಮ್ಮಿನವನು ಬೆರಗಾಗಿ ನಿಂತ.

ಜನ ಬರತೊಡಗಿದರು. ವಾದ್ಯ ಶುರುವಾಯಿತು. ಒಬ್ಬ ಗಿಟಾರು ಬಾರಿಸಿದ, ಒಬ್ಬ ಡ್ರಮ್ಮು ಬಡಿದ, ಕುಳ್ಳಗಿನ ಒಬ್ಬಳು ಮೈಕಿನೊಳಗೆ ತನ್ನ ಮನೆ ಮಾಲೀಕನನ್ನು ರಾಗವಾಗಿ ಬೈದಳು. ಹಾಡಿನ ನಡುವೆಯೇ ಸುದ್ದಿ ಕಿವಿಯಿಂದ ಕಿವಿಗೆ ಹಬ್ಬಿತು: ಯಾರೋ ಕಾರ್ಖಾನೆ ಸಾಹುಕಾರರು ಬಂದು ಎಲ್ಲ ಕೊಂಡುಬಿಟ್ಟಿದ್ದಾರೆ. ದುಂಡು ಕನ್ನಡಕದ ಯುವಕನೊಬ್ಬ ಕಂಬದ ಮುಂದೆ ನಿಂತು, "ಕಂಬಾನೂ ಕೊಂಡಿದಾರೆ. ಇಡೀ ಪ್ರದರ್ಶನದಲ್ಲಿ ನಿಜವಾದ ಕೃತಿ ಇದೇ ಅಂತ ನಂಗೆ ಮೊದಲೇ ಅನಿಸಿತ್ತು," ಎಂದು ಪಕ್ಕದವಳಿಗೆ ವಿವರಿಸುತ್ತಿದ್ದ.

ಸ್ಪೀಕರ್ ಹೊತ್ತು ಬಂದ ಭಾವನ ಮಗಳು ಗೋಡೆ ನೋಡಿ ಸ್ಪೀಕರನ್ನು ಗಡ್ಡನ ಕಾಲ ಮೇಲೆ ಇಳಿಸಿದಳು. "ಯಾರು? ಯಾರು ತಗೊಂಡಿದ್ದು?"

ನೋವಿನಲ್ಲಿ ಮಾತು ಹೊರಡದ ಗಡ್ಡ ಟಣ್ಣಪ್ಪನ ಕಡೆಗೆ ಬೆರಳು ತೋರಿಸಿದ.

"ಮಾವ! ನೀವಾ? ಎಲ್ಲಾನೂ?"

"ಒಂದು ಬಿಟ್ಟು," ಎಂದ ಟಣ್ಣಪ್ಪ ಗಂಭೀರವಾಗಿ. "ಮನಸ್ಸು ಗಟ್ಟಿ ಮಾಡ್ಕೊಂಡೆ ಕಣಮ್ಮ. ಮನೆ ಹುಡುಗಿ ಅಂತ ನೋಡಲಿಲ್ಲ."

"ಅತ್ತೆಗೆ ಗೊತ್ತಾ?"

"ಅತ್ತೆಗೆ ಯಾಕೆ ಹೇಳೋದು? ಇದು ಕೆಲಸದ ವಿಷಯ."

"ಇಷ್ಟೊಂದು ಎಲ್ಲಿಡ್ತೀರಿ ಮಾವ?"

"ಹಿಂದೆ ಶೆಡ್ ಇದೆಯಲ್ಲ, ಇಂಥದ್ದಕ್ಕೇ ಅಂತ ಕಟ್ಟಿಸಿರೋದು."

"ಸ್ವಂತ ಸಂಗ್ರಹಾಲಯ!" ಎಂದು ಗಡ್ಡ ಒಂಟಿಕಾಲಲ್ಲಿ ನಿಂತು ಪಿಸುಗುಟ್ಟಿದ.

ಹುಡುಗಿಯ ಕಣ್ಣು ತುಂಬಿತು. ಮರುಕ್ಷಣವೇ ಮುಖ ಬಾಡಿತು. ಪಂದ್ಯದ ಷರತ್ತು ನೆನಪಾಗಿತ್ತು. ಮಾವ ಬಳಗದವರು. ಬಳಗದವರು ಎಲ್ಲ ಚಿತ್ರ ಬಾಚಿಕೊಂಡರೆ ಹೊರಗಿನವರಿಗೆ ಉಳಿಯುವುದೇನು? ಟೈಲ್ಸ್ ಅಂಗಡಿಯ ಚಿತ್ರ. ಅದನ್ನು ಅಂಗಡಿಯ ಮಾಲೀಕರೇ ಮನೆಯಲ್ಲಿ ತೂಗುಹಾಕಲು ಒಪ್ಪಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಹಲ್ಲಿನ ಡಾಕ್ಟರಮ್ಮ ಬಂದು ಅವಳ ಭುಜ ತಟ್ಟಿದರು. ಅದೇ ಬೀದಿಯಲ್ಲಿ ಅವರ ಕ್ಲಿನಿಕ್ಕು. ಗಲಾಟೆ ಏನೆಂದು ನೋಡಲು ಇಳಿದು ಬಂದಿದ್ದರು. "ಆ ದೊಡ್ಡದು ನನಗೆ ಬೇಕಿತ್ತಮ್ಮ. ಎಲ್ಲರೂ ಬಾಯಿ ತೆರೆದು ಕೂಗ್ತಿರೋದು. ನನ್ನ ಹತ್ತಿರ ಬರೋರು ಹೆದರಿಕೊಂಡು ಬಾಯಿ ತೆರೀತಾರೆ. ಖುಷಿಯಿಂದ ಬಾಯಿ ತೆರೆದವರನ್ನ ಇವತ್ತೇ ನೋಡಿದ್ದು. ಅದೂ ಹೋಗಿಬಿಡ್ತಾ?"

ಹುಡುಗಿ ಟಣ್ಣಪ್ಪನ ತೋಳು ಹಿಡಿದು ಮೂಲೆಗೆ ಎಳೆದಳು. "ಮಾವ, ದಮ್ಮಯ್ಯ, ಅದೊಂದು ಬಿಟ್ಟುಕೊಡಿ. ಆ ಚುಕ್ಕೆ ಕಿತ್ತುಬಿಡಿ."

"ಕೀಳೋದಾ?" ಟಣ್ಣಪ್ಪ ಹೌಹಾರಿದ. "ಸರ್ವಿಸಿಗೆ ಸೇರಿದಾಗಿಂದ ಒಂದು ಸಲ ಅಂಟಿಸಿದ ಕೆಂಪು ಚುಕ್ಕೇನ ಈ ಕೈ ಕಿತ್ತಿಲ್ಲ. ಮ್ಯಾನೇಜರು ಹೇಳಿದ್ರೂ ಕಿತ್ತಿಲ್ಲ."

"ನನ್ನ ಬದುಕೇ ನಿಂತಿದೆ ಮಾವ!"

"ಅದಕ್ಕೇ ಹೇಳ್ತಿರೋದು. ಇಂಥ ಮಾಲು ಡಾಕ್ಟರಮ್ಮನಿಗೆ ಕೊಟ್ಟು ನಾಳೆ ಅವರು ಬಂದು ಮುಖಕ್ಕೆ ಎಸೆದರೆ?"

ಡಾಕ್ಟರಮ್ಮ ಬಿಡುವವರಲ್ಲ. ಎದುರು ಬಂದು ನಿಂತರು. "ಸ್ವಾಮಿ, ಅದರಲ್ಲಿ ಅಂಥದ್ದೇನು ಕಂಡಿರಿ, ಬಿಡೋಕೆ ಮನಸ್ಸಿಲ್ಲ ನಿಮಗೆ?"

"ಏನು ಕಂಡೆ ಅಂತೀರಾ? ಬನ್ನಿ ತೋರಿಸ್ತೀನಿ." ಟಣ್ಣಪ್ಪ ಟಾರ್ಚಿನ ಬೆಳಕು ಬಿಟ್ಟ. "ಇಲ್ನೋಡಿ, ಕೆಳಗಡೆ ಬಣ್ಣ ಸೋರಿದೆ. ಚೌಕಟ್ಟು ಎಡಗಡೆ ಗಿಡ್ಡ. ಈ ಮನುಷ್ಯನಿಗೆ ಕತ್ತೇ ಇಲ್ಲ, ತಲೆ ನೇರವಾಗಿ ಅಂಗಿಗೆ ಸಿಕ್ಕಿಸಿದಾರೆ. ಈಯಮ್ಮನ ಬಾಯಲ್ಲಿ ಹಲ್ಲು ಜಾಸ್ತಿ ಇದೆ."

"ಹಲ್ಲು ನಾನು ನೋಡ್ಕೋತೀನಿ, ಅದು ನನ್ನ ಕೆಲಸ," ಎಂದರು ಡಾಕ್ಟರಮ್ಮ. ಸುತ್ತ ನೆರೆದವರು ತಲೆದೂಗಿದರು. ಇಷ್ಟು ಸೂಕ್ಷ್ಮವಾಗಿ ನೋಡುವ ರಸಿಕನನ್ನು ಅವರು ಕಂಡಿರಲಿಲ್ಲ. ಅವನು ಹಳಿದಷ್ಟೂ ಚಿತ್ರದ ಬೇಡಿಕೆ ಏರಿತು. ದುಂಡು ಕನ್ನಡಕದವನು, "ಕತ್ತಿಲ್ಲದ್ದೇ ಅದರ ಶಕ್ತಿ," ಎಂದು ತನಗೂ ಒಂದು ಬೇಕೆಂದ.

ಮೆಟ್ಟಿಲ ಮೇಲೆ ಭಾವ ಕಾಣಿಸಿಕೊಂಡದ್ದು ಆಗ. ಪಂದ್ಯ ಗೆಲ್ಲುವುದನ್ನು ಕಣ್ಣಾರೆ ನೋಡಲು ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಇಳಿದವರು ಗೋಡೆ ನೋಡಿ ಕೈ ತೆಗೆದರು. ವಾಶ್‌ಬೇಸಿನ್ ವ್ಯಾಪಾರದಲ್ಲೇ ಕೂದಲು ನರೆತ ಅವರಿಗೆ ಕೆಂಪು ಚುಕ್ಕೆಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಕೆಂಪು. ಭಾವನ ಮುಖ ಅರಳಿತು. ತಂದೆಯಲ್ಲವೆ, ಕೂಡಲೇ ಅದನ್ನು ಮುದುಡಿಸಿಕೊಂಡು ಮಗಳ ಬಳಿಗೆ ಹೋದರು.

"ಬೇಜಾರು ಮಾಡ್ಕೋಬೇಡ ಪುಟ್ಟಿ. ಎಲ್ಲರಿಗೂ ಹೀಗಾಗಲ್ಲ. ನಿನಗಾಯ್ತು."

"ಬೇಜಾರೇನಪ್ಪ, ಒಂದು ಕಡೆ ಖುಷೀನೇ. ನೋಡಿದ್ರಲ್ಲ, ಹೆಚ್ಚುಕಮ್ಮಿ ಎಲ್ಲಾ!"

"ನೋಡ್ದೆ ನೋಡ್ದೆ. ಇಷ್ಟೊಂದು ಆಗುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ಅದನ್ನ ಇಷ್ಟು ಧೈರ್ಯವಾಗಿ ತಗೊಂಡೆಯಲ್ಲ, ನಿನ್ನ ಬಗ್ಗೆ ಹೆಮ್ಮೆ ಆಗ್ತಿದೆ."

"ಥ್ಯಾಂಕ್ಸ್ ಅಪ್ಪ!" ಹುಡುಗಿ ಅಪ್ಪನನ್ನು ತಬ್ಬಿಕೊಂಡಳು. ಹೆಮ್ಮೆ ಎಂಬ ಪದ ಆ ಬಾಯಿಂದ ಬಂದದ್ದು ಅದೇ ಮೊದಲು. ಇಬ್ಬರೂ ಒಬ್ಬರ ಬೆನ್ನು ಒಬ್ಬರು ಸವರಿದರು. ಅಪ್ಪನಿಗೆ ಮಗಳು ಸೋತಳೆಂದು ಸಮಾಧಾನ, ಮಗಳಿಗೆ ಅಪ್ಪ ಸೋತರೆಂದು ಸಮಾಧಾನ. ಸಂಸಾರದಲ್ಲಿ ಅಂಥ ಸಾಮರಸ್ಯ ಅಪರೂಪ.

"ಯಾರು ಅಂಟಿಸಿದ್ದು ಇದನ್ನ?" ಎಂದು ಭಾವ ಕೇಳಿದರು.

"ಮಾವ!"

ಭಾವ ತಿರುಗಿ ಟಣ್ಣಪ್ಪನ ಕೈ ಹಿಡಿದು ಕುಲುಕಿದರು. ಮುಂಬಾಗಿಲಿನ ಘಟನೆಯ ನಂತರ ಅವರ ಕೈ ಸಿಕ್ಕಿದ್ದು ಈಗಲೇ. ಹಾಡು ಜೋರಾಗಿದ್ದುದರಿಂದ ಗಂಟಲು ಹರಿಯುವಂತೆ ಕೂಗಿದರು, "ನನ್ನ ಬಳಗದಲ್ಲಿ ಗಂಡಸು ಅಂದ್ರೆ ನೀನೊಬ್ಬನೇ ಕಣಯ್ಯ! ಮುಖ ನೋಡದೆ, ಮುಲಾಜಿಲ್ಲದೆ, ಇವಳ ಚಿತ್ರ ಎಲ್ಲಾ..."

ಅಲ್ಲಿಗೆ ಹಾಡು ಮುಗಿಯಿತು. ಮೈಕಿನವಳು ಉಸಿರು ತೆಗೆದುಕೊಂಡಳು. ಪೂರ್ತಿ ನಿಶ್ಶಬ್ದದಲ್ಲಿ ಭಾವನ ದನಿ ನೆಲಮಾಳಿಗೆ ತುಂಬಿತು:

"...ರಿಜೆಕ್ಟ್ ಮಾಡಿದೆಯಲ್ಲ!"

"ರಿಜೆಕ್ಟಾ?" ಎಂದಳು ಹುಡುಗಿ.

"ಮತ್ತೇನು? ಕೆಂಪು ಚುಕ್ಕೆ ಅಂದ್ರೆ ಕೆಟ್ಟ ಮಾಲು," ಎಂದರು ಭಾವ.

"ಅಲ್ಲ ಸರ್, ಕೆಂಪು ಚುಕ್ಕೆ ಅಂದ್ರೆ ಮಾರಾಟ ಆಗಿರೋದು," ಎಂದ ಗಡ್ಡ.

ಎಲ್ಲರೂ ಟಣ್ಣಪ್ಪನನ್ನು ನೋಡಿದರು. ಟಣ್ಣಪ್ಪ ಗಡ್ಡನನ್ನು ನೋಡಿದ. ಮಾರಾಟವಾದ ಮಾಲಿಗೆ ಕೆಂಪು ಅಂಟಿಸುವ ಜನವೂ ಭೂಮಿಯ ಮೇಲಿದ್ದಾರೆಯೇ ಎಂದು ಅವನಿಗೆ ನಿಜವಾಗಿ ಆಘಾತವಾಗಿತ್ತು.

"ಮಾವ, ಇಷ್ಟೂ ಜನರ ಮುಂದೆ ನನ್ನ ಮಾನ ತೆಗೆದಿರಿ."

"ನೀನೇ ಕರೆದೆಯಲ್ಲಮ್ಮ, ನೋಡಿ ನಿಜ ಹೇಳಿ ಅಂತ."

"ಬಾಯಲ್ಲಿ ಹೇಳಿ ಅಂದೆ! ಸ್ಟಿಕರ್ ಅಂಟಿಸಿ ಅಂದ್ನಾ?"

"ಬಾಯಲ್ಲಿ ಹೇಳೋಕೆ ನಂಗೆ ಸಂಕೋಚ ಕಣಮ್ಮ."

ಹುಡುಗಿ ಅಳಲಿಲ್ಲ. ಅಳುವುದಕ್ಕಿಂತ ಮಾವನನ್ನು ಹೊಡೆಯುವುದು ಹೆಚ್ಚು ಉಪಯುಕ್ತ ಎನ್ನುವಂತೆ ಅಡಿಕೋಲನ್ನೇ ದಿಟ್ಟಿಸಿದಳು. ಆದರೆ ಡಾಕ್ಟರಮ್ಮ ಮುಂದೆ ಬಂದರು. "ಒಂದು ನಿಮಿಷ. ಹಾಗಾದ್ರೆ ಇವರು ಯಾವುದನ್ನೂ ಕೊಂಡಿಲ್ಲ, ತಾನೆ? ಆ ದೊಡ್ಡದು ನನಗೆ ಕೊಡಿ. ಈಗಲೇ ತಗೊಂಡು ಹೋಗ್ತೀನಿ."

ಹುಡುಗಿ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. "ಅಪ್ಪ, ಡಾಕ್ಟರಮ್ಮ ನಮ್ಮ ಬಳಗ ಅಲ್ಲ."

ಭಾವ ಮಗಳಿಗೂ ಡಾಕ್ಟರಮ್ಮನಿಗೂ ನಡುವೆ ಬಂದು ನಿಂತರು. ಗೆದ್ದ ಪಂದ್ಯ ಕೈಜಾರುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಮಾಲು ವಾಪಸ್ಸು ತಂದಾಗ ಬಳಸುವ ಗಟ್ಟಿ ದನಿಯನ್ನು ಹೊರತೆಗೆದರು. "ನಡೆಯಲ್ಲ! ಚೆಕಿಂಗಿನವನು ರಿಜೆಕ್ಟ್ ಮಾಡಿದ ಮಾಲನ್ನ ಗಿರಾಕಿಗೆ ದಾಟಿಸೋದು ಮಾರಾಟ ಅಲ್ಲ, ಮೋಸ. ಮರ್ಯಾದಸ್ಥರು ಮಾಡೋ ಕೆಲಸ ಅಲ್ಲ. ಏನಯ್ಯ, ಕಾರ್ಖಾನೆ ಮನುಷ್ಯ ನೀನು, ನೀನೇ ಹೇಳು. ಕೆಂಪು ಚುಕ್ಕೆ ಬಿದ್ದದ್ದನ್ನ ಮಾರಿದ್ರೆ ಅದು ಮಾರಾಟಾನಾ?"

ಟಣ್ಣಪ್ಪ ಯೋಚಿಸಿದ. ಹೆಂಡತಿಯ ಕಡೆಯವರು ಅವನ ಅಭಿಪ್ರಾಯ ಕೇಳಿದ್ದು ಬಹಳ ವರ್ಷಗಳ ಮೇಲೆ. ಅದೂ ಸ್ವತಃ ಭಾವ, ಅದೂ ಸಭೆಯಲ್ಲಿ. ಈ ಹೊತ್ತಿನಲ್ಲಿ ಭಾವನ ಮರ್ಯಾದೆಗೆ ಕುಂದು ಬರದ ಹಾಗೆ ಉತ್ತರ ಕೊಡಬೇಕು ಎಂದು ಅವನು ಪ್ರಾಮಾಣಿಕವಾಗಿ ನಿರ್ಧರಿಸಿದ.

"ಮೋಸ ಅನ್ನಬೇಡಿ ಭಾವ. ದಯವಿಟ್ಟು ಅಷ್ಟು ದೊಡ್ಡ ಮಾತು ಆಡಬೇಡಿ. ಅದೂ ಮಾರಾಟಾನೇ. ಹಾಗಲ್ಲ ಅಂದ್ರೆ ನಿಮ್ಮ ಅಂಗಡಿ ಗತಿ ಏನು?"

"ನನ್ನ ಅಂಗಡಿ?"

"ನಮ್ಮ ಶೆಡ್ಡಿನ ರಿಜೆಕ್ಟ್ ಮಾಲು ಲಾರಿ ತುಂಬ ಹೋಗೋದು ನಿಮ್ಮಲ್ಲಿಗೇ ಅಲ್ವಾ? ಚುಕ್ಕೆ ಕೀಳೋಕೇ ಒಬ್ಬಳು ಹುಡುಗೀನ ಇಟ್ಟಿದೀರಿ. ಎಷ್ಟು ನಾಜೂಕಾಗಿ ಕೀಳ್ತಾಳೆ ಅಂದ್ರೆ, ಅಂಟಿನ ಗುರುತೂ ಇರಲ್ಲ. ಅದನ್ನ ಯಾರಾದ್ರೂ ಮೋಸ ಅಂತಾರಾ? ಎಂಥ ಶ್ರಮದ ವ್ಯಾಪಾರ!"

ಮೈಕಿನವಳು ಮುಂದಿನ ಹಾಡು ಶುರುಮಾಡಲೆಂದು ಬಾಯಿ ತೆರೆದವಳು ಹಾಗೇ ನಿಂತಳು. ಇದು ಅವಳ ಹಾಡಿಗಿಂತ ಚೆನ್ನಾಗಿತ್ತು.

"ತಾವು ಮುಖ್ಯರಸ್ತೆ ಟೈಲ್ಸ್ ಅಂಗಡಿಯವರಾ?" ಎಂದು ಡಾಕ್ಟರಮ್ಮ ಮೃದುವಾಗಿ ಕೇಳಿದರು. ಹಲ್ಲು ಕೀಳುವ ಮುಂಚೆ ಅವರು ಬಳಸುವ ದನಿ ಅದು. "ನನ್ನ ಕ್ಲಿನಿಕ್ಕಿನ ಬೇಸಿನ್ನು ನಿಮ್ಮಲ್ಲೇ ತಗೊಂಡಿದ್ದು. ಫಸ್ಟ್ ಕ್ವಾಲಿಟಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಅಂದಿದ್ರಿ. ನನ್ನ ಮಗಳು ಇನ್ನೂ ಸ್ಕೂಲಲ್ಲಿದಾಳೆ, ಬೇಸಿನ್ನು ಆಗಲೇ ಎರಡು ಭಾಗ ಆಗಿದೆ."

"ನಮ್ಮ ಮನೇದೂ!" ಎಂದಿತು ಹಿಂದಿನಿಂದ ಒಂದು ದನಿ.

"ಈ ಬಿಲ್ಡಿಂಗಿನ ಟಾಯ್ಲೆಟ್ಟಿಂದೂ," ಎಂದ ಗಡ್ಡ.

ಭಾವ ಟಣ್ಣಪ್ಪನನ್ನು ನೋಡಿದ ನೋಟಕ್ಕೆ ಅವನು ಪಿಂಗಾಣಿಯಾಗಿದ್ದರೆ ಸೀಳಿಹೋಗುತ್ತಿದ್ದ. ಟಣ್ಣಪ್ಪ ಮಾತ್ರ ಭಾವನ ಪರವಾಗಿ ವಾದಿಸಿದ ತೃಪ್ತಿಯಲ್ಲಿ ಟಾರ್ಚಿನ ಗಾಜು ಒರೆಸಿಕೊಳ್ಳುತ್ತಿದ್ದ.

"ಆಯ್ತು ಪುಟ್ಟಿ," ಎಂದರು ಭಾವ ಗಡಿಬಿಡಿಯಿಂದ, ಜನ ಹತ್ತಿರ ಬರುತ್ತಿದ್ದುದನ್ನು ಕಡೆಗಣ್ಣಿನಲ್ಲಿ ನೋಡುತ್ತ. "ಮಾರಾಟ ಅಂದ್ರೆ ಮಾರಾಟಾನೇ. ನೀನು ಗೆದ್ದೆ. ಚಿತ್ರ ಬರಿ, ಎಷ್ಟು ಬೇಕಾದ್ರೂ ಬರಿ. ಕೌಂಟರಿನ ಮಾತು ನಾನು ಎತ್ತಲ್ಲ. ಈಗ ನಾನು ಹೊರಡ್ತೀನಿ."

"ಹೊರಡೋದಾದ್ರೆ ಈ ಕಡೆ ಸ್ವಲ್ಪ ಹಿಡ್ಕೊಳ್ಳಿ. ಕ್ಲಿನಿಕ್ಕು ಪಕ್ಕದಲ್ಲೇ ಇದೆ. ಬೇಸಿನ್ನೂ ನೋಡಿದ ಹಾಗಾಗುತ್ತೆ," ಎಂದರು ಡಾಕ್ಟರಮ್ಮ.

ಬಾಯಿ ತೆರೆದವರ ಚಿತ್ರ ಗೋಡೆಯಿಂದ ಇಳಿಯಿತು. ಮುಂದಿನ ತುದಿ ಹಿಡಿದು ಭಾವ ಹಿಮ್ಮುಖವಾಗಿ ಮೆಟ್ಟಿಲು ಹತ್ತತೊಡಗಿದರು. ಕೆಳಗಿನ ತುದಿ ಹಿಡಿದು ಡಾಕ್ಟರಮ್ಮ. ಹೊಸ ಬೂಟು ಜಾರಿ ಚೌಕಟ್ಟಿನ ಮೂಲೆ ಕೈಕಂಬಿಗೆ ತಗುಲಿತು.

"ಅಪ್ಪ, ನಿಧಾನ! ಮೂಲೆ ಕಿತ್ತುಹೋಗುತ್ತೆ!" ಎಂದು ಹುಡುಗಿ ಕೆಳಗಿನಿಂದ ಕೂಗಿದಳು.

"ಹೋಗ್ಲಿ ಬಿಡೇ," ಎಂದು ಭಾವ ಏದುಸಿರಿನಲ್ಲಿ ಗೊಣಗಿದರು. "ಹೇಗೂ ರಿಜೆಕ್ಟ್ ಮಾಲು. ತಗೊಳ್ಳೋರಿಗೆ ಏನು ಗೊತ್ತಾಗುತ್ತೆ?"

ಡಾಕ್ಟರಮ್ಮ ಚಿತ್ರದ ಬದಿಯಿಂದ ತಲೆ ಹೊರಹಾಕಿದರು. "ನನ್ನ ಬೇಸಿನ್ನು ಕಳಿಸುವಾಗಲೂ ಹೀಗೇ ಅಂದಿರಾ?"

ಭಾವನ ಕೈ ಖಾಲಿಯಿರಲಿಲ್ಲ, ಹಿಂದೆ ಕಡಿದಾದ ಮೆಟ್ಟಿಲು, ಮುಂದೆ ಬಾಯಿ ತೆರೆದ ಒಂದು ದೊಡ್ಡ ಗುಂಪು.